ಹೊಳೆ ಎರಡು ಏರಿದ ಸಂಜೆ

"ಸರ್, ಉತ್ತರದ ಅಂಕಿ ಸರಿಯಾಗಿಯೇ ಇದೆ. ಪಕ್ಕದಲ್ಲಿ ಮೀಟರ್ ಎಂದು ಬರೆಯುವುದು ಬಿಟ್ಟುಹೋಗಿದೆ, ಅಷ್ಟೆ. ಅದಕ್ಕೆ ಇಡೀ ಉತ್ತರವನ್ನೇ ಯಾಕೆ ಹೊಡೆದುಹಾಕಿದಿರಿ?"

ಕೇಳಿದವಳು ಒಂಬತ್ತನೆಯ ತರಗತಿಯ ಶಿವಲೀಲಾ. ವಿಜ್ಞಾನದ ಮೇಷ್ಟ್ರು ಗುರುಪಾದಪ್ಪ ಅಳತೆಯ ಪಾಠ ಮುಗಿಸಿ, ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಂಚಿದ್ದರು. ಅವಳ ದನಿಯಲ್ಲಿ ಸಿಟ್ಟಿತ್ತು. ಉಳಿದ ಮಕ್ಕಳೂ ಅವಳ ಪರವಾಗಿಯೇ ಇದ್ದರು.

"ಕೂತುಕೋ," ಎಂದರು ಮೇಷ್ಟ್ರು. "ಒಬ್ಬ ಅಂಬಿಗನ ಕತೆ ಹೇಳುತ್ತೇನೆ."

ಒಂದು ಹೊಳೆಯ ದಂಡೆಯಲ್ಲಿ ಒಬ್ಬ ಅಂಬಿಗನಿದ್ದ. ಅವನ ಊರು ಈಚೆ ದಡದಲ್ಲಿ, ಊರಿನವರು ದುಡಿಯುವ ಹೊಲಗಳು ಆಚೆ ದಡದಲ್ಲಿ. ಕಳೆ ಕೀಳಲು ಹೋಗುವ ಹೆಂಗಸರನ್ನು ಬೆಳಿಗ್ಗೆ ದಾಟಿಸುವುದು, ಸಂಜೆ ಕರೆತರುವುದು ಅವನ ಕೆಲಸ. ಅವನು ದುಡುಕಿನವನಲ್ಲ. ಅವನ ದೋಣಿಯಿಂದ ಒಂದು ಕೋಳಿಮರಿ ಸಹ ನೀರಿಗೆ ಬಿದ್ದದ್ದಿಲ್ಲ.

ಹೊಳೆಯ ಮೇಲ್ಗಡೆ ಒಂದು ಒಡ್ಡು ಇತ್ತು. ಅದಕ್ಕೊಬ್ಬ ಕಾವಲುಗಾರ. ಮಳೆಗಾಲದಲ್ಲಿ ಒಡ್ಡಿನ ಬಾಗಿಲು ಎತ್ತಿದಾಗ ಅವನು ಕೆಳಗಿನ ಅಳತೆಗಂಬವನ್ನು ನೋಡಿ, ನೀರು ಎಷ್ಟು ಏರಿತೆಂದು ಅಂಬಿಗನಿಗೆ ಫೋನಿನಲ್ಲಿ ತಿಳಿಸಬೇಕಿತ್ತು. ಆ ನೀರು ಅಂಬಿಗನ ಊರಿಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಮೂರು ಅಡಿಯೊಳಗೆ ಏರಿದ್ದರೆ ಅಂಬಿಗ ದೋಣಿ ಬಿಡುತ್ತಿದ್ದ. ಹೆಚ್ಚಿದ್ದರೆ ದೋಣಿಯನ್ನು ದಡಕ್ಕೆಳೆದು ಕಟ್ಟುತ್ತಿದ್ದ. ಆಗ ಆಚೆ ಉಳಿದವರು ಹೊಲದ ಗುಡಿಸಲಿನಲ್ಲೇ ಮಲಗಬೇಕು. ಅವರು ಅಂಬಿಗನನ್ನು ಬೈಯುತ್ತಿದ್ದರು. ಬೈಯಲಿಕ್ಕಾದರೂ ಬದುಕಿರುತ್ತಿದ್ದರು.

ಹಳೆಯ ಕಾವಲುಗಾರ ಹೆಚ್ಚು ಮಾತಿನವನಲ್ಲ. ಒಂದು ಎನ್ನುತ್ತಿದ್ದ, ನಾಲ್ಕು ಎನ್ನುತ್ತಿದ್ದ, ಫೋನು ಇಡುತ್ತಿದ್ದ. ಅಡಿ ಎಂದು ಅವನೂ ಹೇಳಲಿಲ್ಲ, ಅಂಬಿಗನೂ ಕೇಳಲಿಲ್ಲ. ಹೇಳಬೇಕಾದ ಪ್ರಸಂಗವೇ ಬಂದಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅವನು ನಿವೃತ್ತನಾದ. ಅದೇ ಬೇಸಿಗೆಯಲ್ಲಿ ಅಳತೆಗಂಬದ ಮೇಲಿನ ಹಳೆಯ ಗೆರೆಗಳನ್ನು ಕೆರೆದು ಹೊಸ ಗೆರೆ ಬರೆದರು. ಹಳೆಯವು ಅಡಿಯ ಗೆರೆಗಳು, ಹೊಸವು ಮೀಟರಿನವು. ಹೊಸದಾಗಿ ಬಂದ ಕಾವಲುಗಾರ ಶಾಲೆಯಲ್ಲಿ ಮೀಟರನ್ನೇ ಕಲಿತವನು. ಕೆಲಸ ಒಪ್ಪಿಸುವಾಗ ಹಳಬ ಅವನಿಗೆ ಹೇಳಿದ, "ಅಂಬಿಗನಿಗೆ ಅಂಕಿ ಹೇಳಿದರೆ ಸಾಕು. ಅವನಿಗೆ ತಿಳಿಯುತ್ತದೆ."

ಆ ಮಳೆಗಾಲದಲ್ಲಿ ಮೊದಲ ಸಲ ಬಾಗಿಲು ಎತ್ತಿದ್ದು ಒಂದು ಸಂಜೆ. ಅಂಬಿಗ ಆಚೆ ದಡದಲ್ಲಿ ಹೆಂಗಸರನ್ನು ಹತ್ತಿಸಿಕೊಳ್ಳುತ್ತಿದ್ದ. ಫೋನು ಬಂತು.

"ಅಣ್ಣಾ, ಬಾಗಿಲು ಎತ್ತಿದ್ದೇವೆ. ಹೊಳೆ ಎರಡು ಏರಿದೆ."

"ಎರಡೇ ತಾನೆ? ಸರಿಯಾಗಿ ನೋಡಿ ಹೇಳಪ್ಪ. ದೋಣಿಯಲ್ಲಿ ಹೆಂಗಸರಿದ್ದಾರೆ."

ಕಾವಲುಗಾರ ಮತ್ತೊಮ್ಮೆ ಕಂಬದ ಹತ್ತಿರ ಹೋಗಿ ನೋಡಿ ಬಂದ. "ಹೌದಣ್ಣಾ, ಎರಡೇ," ಎಂದ.

ಅಂಬಿಗನ ಹೆಂಡತಿಯೂ ಆ ದೋಣಿಯಲ್ಲಿದ್ದಳು. ಮೇಲೆ ಮೋಡ ಕಪ್ಪಾಗಿದೆ, ಇವತ್ತು ಇಲ್ಲೇ ಉಳಿಯೋಣವೇ ಎಂದು ಅವಳು ಕೇಳಿದಳು. ಎಳೆಗೂಸನ್ನು ಮನೆಯಲ್ಲಿ ಬಿಟ್ಟು ಬಂದಿದ್ದ ಬಾಣಂತಿಯೊಬ್ಬಳು ಅಂಬಿಗನ ಮುಖ ನೋಡಿದಳು. ಅವಳ ಸೆರಗು ಹಾಲಿನಿಂದ ಒದ್ದೆಯಾಗಿತ್ತು.

"ಎರಡೇ ಏರಿರುವುದು. ಎರಡು ಸಲ ಕೇಳಿದ್ದೇನೆ," ಎಂದು ಅಂಬಿಗ ಹುಟ್ಟು ಹಾಕಿದ.

ದೋಣಿ ನಡುಹೊಳೆಯಲ್ಲಿದ್ದಾಗ ನೀರು ಬಂತು. ಎರಡು ಮೀಟರ್ ಎಂದರೆ ಆರೂವರೆ ಅಡಿ. ಅಂಬಿಗನಿಗೆ ದೋಣಿಯನ್ನು ತಿರುಗಿಸಲು ಆಗಲಿಲ್ಲ. ಕೂಗುವಷ್ಟರಲ್ಲಿ ಅದು ಮಗುಚಿತು.

ಅಂಬಿಗ ಈಜಿ ದಡ ಸೇರಿದ. ಒಬ್ಬ ಮುದುಕಿ ಹಲಗೆ ಹಿಡಿದು ಉಳಿದಳು. ಬೇರೆ ಯಾರೂ ಉಳಿಯಲಿಲ್ಲ. ಮರುದಿನ ಕೆಳಗಿನ ಜೊಂಡಿನಲ್ಲಿ ಹುಡುಕಿ ಹೆಣಗಳನ್ನು ಎತ್ತಿದರು. ಅಂಬಿಗ ತನ್ನ ಹೆಂಡತಿಯನ್ನು ತಾನೇ ಎತ್ತಿಕೊಂಡು ಬಂದ. ಬಾಣಂತಿ ಸಿಗಲೇ ಇಲ್ಲ.

ಅಂಬಿಗ ಕುಡಿದಿದ್ದ ಎಂದು ಊರವರು ಹೇಳಿದರು. ಅವನು ಕುಡಿದಿರಲಿಲ್ಲ. ಆಮೇಲೆ, ಕಾವಲುಗಾರ ಸುಳ್ಳು ಹೇಳಿದ ಎಂದರು. ಎರಡೇ ತಾನೆ ಎಂದು ಅಂಬಿಗ ಕೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ ಎಂದು ಮುದುಕಿ ಎಲ್ಲರ ಮುಂದೆ ಅತ್ತಳು. ಕಲ್ಲು ಹಿಡಿದು ಒಡ್ಡಿನ ಕಡೆ ಹೊರಟವರನ್ನು ಪೊಲೀಸರು ತಡೆದರು.

ವಿಚಾರಣೆಗೆ ಬಂದ ಅಧಿಕಾರಿ ಕಾವಲುಗಾರನನ್ನು ಕೇಳಿದ, ನೀನು ಹೇಳಿದ್ದು ಎಷ್ಟು? ಎರಡು ಎಂದ. ಅಂಬಿಗನನ್ನು ಕೇಳಿದ, ನಿನಗೆ ಕೇಳಿಸಿದ್ದು ಎಷ್ಟು? ಎರಡು ಎಂದ. ಅಧಿಕಾರಿಗೆ ದಿಕ್ಕು ತೋಚಲಿಲ್ಲ. ಇಬ್ಬರನ್ನೂ ಒಡ್ಡಿಗೆ ಕರೆದುಕೊಂಡು ಹೋದ.

ಅಂಬಿಗ ಆ ಕಂಬವನ್ನು ಅದುವರೆಗೆ ಕಂಡಿರಲಿಲ್ಲ. ಹತ್ತಿರ ಹೋಗಿ, ಒಂದು ಗೆರೆಯ ಮೇಲೆ ಕೈಯಿಟ್ಟ. ಅದರ ಮೇಲಿನ ಗೆರೆಯನ್ನು ಮುಟ್ಟಲು ಕೈ ಚಾಚಿದ. ಚಾಚುತ್ತಲೇ ಹೋದ.

"ಈ ಗೆರೆಯಿಂದ ಆ ಗೆರೆಗೆ ಎಷ್ಟು?" ಎಂದು ಕೇಳಿದ.

"ಒಂದು."

"ಒಂದು ಏನು?"

"ಒಂದು ಮೀಟರ್, ಅಣ್ಣಾ."

ಆ ಮಾತು ಅಂಬಿಗನಿಗೆ ಹೊಸದಲ್ಲ. ಬಟ್ಟೆ ಅಂಗಡಿಯಲ್ಲಿ ಕೇಳಿದ್ದ. ಹೊಳೆಯನ್ನೂ ಅದರಲ್ಲಿ ಅಳೆಯುತ್ತಾರೆ ಎಂದು ಅವನಿಗೆ ಗೊತ್ತಿರಲಿಲ್ಲ. "ನಾನು ಎರಡು ಅಡಿ ಅಂದುಕೊಂಡೆ," ಎಂದು ಅವನು ಕಂಬದ ಬುಡದಲ್ಲಿ ಕುಸಿದು ಕುಳಿತ. ಕಾವಲುಗಾರನಿಗೂ ಆಗಲೇ ಎಲ್ಲವೂ ಅರ್ಥವಾದದ್ದು. ಅವನು ಅಂಬಿಗನ ಕಾಲು ಹಿಡಿದುಕೊಂಡ.

"ನನ್ನನ್ನು ಇದೇ ನೀರಿಗೆ ತಳ್ಳಿಬಿಡು," ಎಂದ.

"ನೀನು ಎರಡು ಅಂದೆ. ನಾನೂ ಎರಡು ಅಂತಲೇ ಕೇಳಿಸಿಕೊಂಡೆ," ಎಂದ ಅಂಬಿಗ. "ಏನು ತಪ್ಪು ಹೊರಿಸಿ ತಳ್ಳಲಿ?"

ಕಾವಲುಗಾರ ಕೆಲಸ ಬಿಟ್ಟು ಹೋದ. ಎಲ್ಲಿಗೆ ಹೋದನೋ ಯಾರಿಗೂ ತಿಳಿಯದು. ಅಂಬಿಗ ಮತ್ತೆ ಹುಟ್ಟು ಹಿಡಿಯಲಿಲ್ಲ. ತಾಯಿಯಿಲ್ಲದ ಕೂಸನ್ನು ಅದರ ಅಜ್ಜಿ ಬೆಳೆಸಿದಳು. ಅದರ ಅಳು ಕೇಳಿದರೆ ಅಂಬಿಗ ಬೇರೆ ಬೀದಿ ಹಿಡಿಯುತ್ತಿದ್ದ. ಅಂಗಡಿಯಲ್ಲಿ ಯಾರಾದರೂ ಐದು ಎಂದರೆ, ಐದು ಏನು ಎಂದು ಕೇಳುತ್ತಿದ್ದ. ಉತ್ತರ ಸಿಗುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಕೆಲವರು ನಕ್ಕರು. ದಡದ ಮನೆಗಳವರು ನಗಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಶಿವಲೀಲಾ ಎದ್ದು ನಿಂತಳು. ಈ ಸಲ ದನಿ ಸಣ್ಣದಾಗಿತ್ತು.

"ಆದರೆ ಸರ್, ಕಾವಲುಗಾರ ಹೇಳಿದ ಅಂಕಿ ಸರಿಯಾಗಿಯೇ ಇತ್ತಲ್ಲ?"

"ಹೌದು ತಾಯಿ, ಅದಕ್ಕೇ ಯಾರೂ ದೋಣಿಯಿಂದ ಇಳಿಯಲಿಲ್ಲ."