ಮಳೆಯ ಗುರುತು

ಕಪ್ಪೆ ವಟಗುಟ್ಟಿದ್ದೇ ತಡ, ಇನ್ನೇನು ಮಳೆ ಬಂತೆಂದು ಹಿರಿಯ ಇರುವೆ ಗಡಬಡಿಸಿ ಎದ್ದಿತು. ಬಳಗವನ್ನೆಲ್ಲ ಹೊರಡಿಸಿ, ಮೊಟ್ಟೆ ಕಚ್ಚಿಕೊಂಡು, ಸುಡುವ ಬಂಡೆ ಹತ್ತಿತು. ಬಿಸಿಲಿಗೆ ಮೊಟ್ಟೆಗಳು ಬಾಡತೊಡಗಿದವು. ಬಂಡೆಯ ಸಂದಿಯಲ್ಲಿ ಕಪ್ಪೆಯನ್ನು ಕಂಡು, ಮೊಟ್ಟೆ ಕೆಳಗಿಟ್ಟು ಕೇಳಿತು: "ಕಪ್ಪೆರಾಯರೇ, ಮಳೆ ಎಲ್ಲಿಯವರೆಗೆ ಬಂದಿದೆ?"

"ಅದು ನಿಮಗೇ ಗೊತ್ತಿರಬೇಕು, ಇರುವಕ್ಕ. ಬೆಳಿಗ್ಗೆ ನಿಮ್ಮವರೊಬ್ಬರು ಮೊಟ್ಟೆ ಹೊತ್ತು ಹೋದದ್ದನ್ನು ನೋಡಿಯೇ ನಾನು ಕೂಗಿದ್ದು," ಎಂದಿತು ಕಪ್ಪೆ.

"ಅದು ನಾನೇ. ಕೆಟ್ಟ ಮೊಟ್ಟೆಯೊಂದನ್ನು ಎಸೆಯಲು ಹೋಗಿದ್ದೆ."

ಇರುವೆ ಆಗಲೇ ಮೊದಲ ಬಾರಿಗೆ ತಲೆಯೆತ್ತಿತು. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಬಾಡಿದ ಮೊಟ್ಟೆಗಳು ನೆನಪಾಗಿ ಅದರ ಮೈ ನಡುಗಿತು.

"ಅಕ್ಕ ಆಕಾಶ ನೋಡಿ ನಡುಗುತ್ತಿದ್ದಾಳೆ, ಮಳೆ ಬಂದೇಬಿಟ್ಟಿತು," ಎನ್ನುತ್ತ ಹಿಂದಿದ್ದ ಸಾಲು ಅದನ್ನು ತುಳಿದುಕೊಂಡೇ ಮೇಲಕ್ಕೆ ಓಡಿತು.