ಜಗುಲಿಗೆ ಬಂದವರು

ಭಿಕ್ಷೆಗೆಂದು ಪೇಟೆಗೆ ಹೋಗಿದ್ದ ಬಸವಂತ ಮಠಕ್ಕೆ ಮರಳಿದವನೇ ಗುರುಗಳ ಮುಂದೆ ಕುಳಿತು ಕೇಳಿದ:

"ಅಜ್ಜಯ್ಯ, ಪೇಟೆಯಲ್ಲಿ ಸುಲಿಗೆ ಮಾಡುತ್ತಿದ್ದ ಗುಂಪಿನ ನಾಯಕನನ್ನು ಹಿಡಿದು ಸೆರೆಗೆ ಹಾಕಿದ್ದಾರೆ. ಜನ ಸಿಹಿ ಹಂಚುತ್ತಿದ್ದಾರೆ. ಹೋದ ವರ್ಷವೂ ಒಬ್ಬನನ್ನು ಹಿಡಿದಿದ್ದರು, ಆಗಲೂ ಸಿಹಿ ಹಂಚಿದ್ದರು. ಎಷ್ಟು ಸಲ ಹಿಡಿದರೂ ಈ ಗುಂಪು ಅಳಿಯುವುದಿಲ್ಲವೇಕೆ?"

ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಗೆ ಹೊಸ ಕೊತ್ವಾಲ ಬಂದ. ಊರು ಕಾಯುವುದು, ಕಳ್ಳರನ್ನು ಹಿಡಿಯುವುದು ಅವನ ಕೆಲಸ. ನೇರ ನಡೆಯ ಮನುಷ್ಯ. ಆದರೆ ಅವನಿಗೊಂದು ಗೀಳಿತ್ತು. ಅರ್ಥವಾಗದ್ದು ಏನಾದರೂ ಕಣ್ಣಿಗೆ ಬಿದ್ದರೆ, 'ಇದು ಹೀಗೇಕೆ' ಎಂದು ತಿಳಿಯುವವರೆಗೆ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಆ ಪೇಟೆಯಲ್ಲಿ ಹುಲಿಗೆಪ್ಪ ಎಂಬವನ ಗುಂಪು ಮೆರೆಯುತ್ತಿತ್ತು. ಅಂಗಡಿ ತೆರೆದವರೆಲ್ಲ ಗುಂಪಿಗೆ ಪಾಲು ಕೊಡಬೇಕು. ಕೊಡದವನ ಕೈಯನ್ನೋ ಬಾಗಿಲನ್ನೋ ಮುರಿಯುತ್ತಿದ್ದರು. ಕೊತ್ವಾಲ ಬಂದ ಹೊಸದರಲ್ಲೇ ಒಬ್ಬ ಗಾಣದವನು ಎದೆ ಬಡಿದುಕೊಳ್ಳುತ್ತ ಚಾವಡಿಗೆ ಓಡಿ ಬಂದ. "ಪಾಲು ಕೊಡಲಾರೆ ಅಂದಿದ್ದಕ್ಕೆ ಗಾಣಕ್ಕೆ ಬೆಂಕಿ ಇಟ್ಟರು ಬುದ್ಧೀ. ಎತ್ತನ್ನು ಬಿಚ್ಚಲೂ ಬಿಡಲಿಲ್ಲ."

ಕೊತ್ವಾಲ ಹೋಗಿ ನೋಡಿದ. ಕಣ್ಣು ಕಟ್ಟಿ ಗಾಣಕ್ಕೆ ಹೂಡಿದ್ದ ಎತ್ತು ಸುಟ್ಟು ಬಿದ್ದಿತ್ತು. ಬೆಂಕಿ ಯಾವ ಕಡೆಯಿಂದ ಬಂತೆಂದೂ ಅದಕ್ಕೆ ಗೊತ್ತಾಗಿರಲಿಲ್ಲ. ಅವನು ಅಂದು ಊಟ ಬಿಟ್ಟ. ಈ ಗುಂಪನ್ನು ಬೇರು ಸಹಿತ ಕಿತ್ತ ಮೇಲೆಯೇ ನೆಮ್ಮದಿಯಿಂದ ಉಣ್ಣುವುದೆಂದು ಮನಸ್ಸಿನಲ್ಲೇ ಅಂದುಕೊಂಡ.

ಹುಲಿಗೆಪ್ಪನನ್ನು ಹಾಡಹಗಲೇ ನಡುಬೀದಿಯಲ್ಲಿ ಹಿಡಿದ. ಪೇಟೆಯೇ ನಲಿದಾಡಿತು. ಒಬ್ಬ ಜವಳಿ ವ್ಯಾಪಾರಿ ಕೊತ್ವಾಲನಿಗೆ ಹಾರ ಹಾಕಿ ಕಣ್ಣೀರು ಒರೆಸಿಕೊಂಡ. ಆದರೆ ತಿಂಗಳು ತುಂಬುವುದರೊಳಗೆ ಹುಲಿಗೆಪ್ಪನ ಬಲಗೈ ಬಂಟ ನಾಯಕನಾದ. ಅವನನ್ನೂ ಹಿಡಿದದ್ದಾಯಿತು. ಮತ್ತೊಬ್ಬ ಎದ್ದ. ಆ ಮತ್ತೊಬ್ಬನನ್ನು ಎಳೆದು ತಂದು ಮುಂದೆ ನಿಲ್ಲಿಸಿದಾಗ ಕೊತ್ವಾಲನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವನ ಹೆಸರು ಅಡಿವೆಪ್ಪ. ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದವನು. ಕಡ್ಡಿಯಂಥ ಕೈಕಾಲು. ಗದರಿಸಿದರೆ ಕಣ್ಣಲ್ಲಿ ನೀರು ತರುವಂಥವನು.

"ನೀನು ಈ ಗುಂಪಿನ ನಾಯಕನೇ?"

"ಹೌದಂತೆ ಬುದ್ಧೀ."

"ಹೌದಂತೆ ಎಂದರೇನು?"

ಅಡಿವೆಪ್ಪ ನಡೆದದ್ದನ್ನು ಹೇಳಿದ. ಎರಡನೆಯ ನಾಯಕ ಅವನಿಗೆ ದೂರದ ನೆಂಟ. ಸೆರೆಯಲ್ಲಿದ್ದಾಗ ಅವನಿಗೆ ಬುತ್ತಿ ಒಯ್ಯಲು ಮನೆಯವರು ಇವನನ್ನು ಕಳಿಸುತ್ತಿದ್ದರು. ಬುತ್ತಿ ಒಯ್ಯುವವನು ಮಾತನ್ನೂ ಒಯ್ಯುತ್ತಾನೆಂದು ಜನ ತಿಳಿದರು. ಒಬ್ಬೊಬ್ಬರಾಗಿ ಮನೆಗೆ ಬಂದು ತಮ್ಮ ಕೆಲಸ ಹೇಳತೊಡಗಿದರು. ಇವನಿಗೆ ಇಲ್ಲವೆನ್ನಲು ಹೆದರಿಕೆ. ಕಾಟ ತಪ್ಪಿದರೆ ಸಾಕೆಂದು ಒಂದು ಕೆಲಸವನ್ನು ಗುಂಪಿನ ಪುಂಡನೊಬ್ಬನ ಕಿವಿಗೆ ಹಾಕಿದ. ಮರುದಿನವೇ ಆ ಕೆಲಸ ಮುಗಿದಿತ್ತು. ಅಂದಿನಿಂದ ಪುಂಡರೂ ಇವನ ಮುಂದೆ ಕೈಕಟ್ಟಿ ನಿಂತರು.

"ನಾನು ನಾಯಕ ಆಗಲಿಲ್ಲ ಬುದ್ಧೀ. ನನ್ನನ್ನು ಮಾಡಿದರು."

"ಯಾರು ಮಾಡಿದರು?"

"ಒಂದು ಸಂಜೆ ನನ್ನ ಜಗುಲಿಯ ಮೇಲೆ ಕೂತು ನೋಡಿ."

ಕೊತ್ವಾಲನ ಗೀಳು ಕೆರಳಿತು. ಅವನು ಅಡಿವೆಪ್ಪನನ್ನು ಮನೆಗೆ ಬಿಟ್ಟು, ತನ್ನ ಪೇಟ ತೆಗೆದಿಟ್ಟು, ತಲೆಯ ಮೇಲೆ ಕಂಬಳಿ ಎಳೆದುಕೊಂಡು, ಪರವೂರಿನಿಂದ ಬಂದ ನೆಂಟನಂತೆ ಅಡಿವೆಪ್ಪನ ಜಗುಲಿಯ ಕಂಬಕ್ಕೆ ಒರಗಿ ಕುಳಿತ. ಗುಂಪಿನ ಪುಂಡರು ಕುಳಿತು ಸಂಚು ಹೂಡುವುದನ್ನು ಕಾಣುತ್ತೇನೆಂದು ಅವನು ಎಣಿಸಿದ್ದ.

ಪುಂಡರು ಯಾರೂ ಬರಲಿಲ್ಲ. ಮೊದಲು ಬಂದವನು ಅಂದು ತನಗೆ ಹಾರ ಹಾಕಿದ್ದ ಜವಳಿ ವ್ಯಾಪಾರಿ. ಎದುರುಸಾಲಿನಲ್ಲಿ ಹೊಸ ಅಂಗಡಿಯೊಂದು ತೆರೆದಿದೆ, ಅದು ಹಬ್ಬದೊಳಗೆ ಮುಚ್ಚಬೇಕು ಎಂದ. ಅವನ ಹಿಂದೆ ಒಬ್ಬ ಹೆಂಗಸು. ಬಾಡಿಗೆಗಿದ್ದವರು ಮನೆ ಬಿಡುತ್ತಿಲ್ಲ, ಸ್ವಲ್ಪ ಹೆದರಿಸಿದರೆ ಸಾಕು, ಹೊಡೆಯುವುದೇನೂ ಬೇಡ ಎಂದಳು. ಗುಡಿಯ ಧರ್ಮದರ್ಶಿ ಬಂದ. ತನ್ನ ಮೇಲೆ ಇಲ್ಲಸಲ್ಲದ್ದು ಆಡುವವನ ಬಾಯಿ ಮುಚ್ಚಿಸಬೇಕೆಂದು ಬಹಳ ವಿನಯದಿಂದ ಕೇಳಿ, ಪ್ರಸಾದ ಕೊಟ್ಟು ಹೋದ. ಎಲ್ಲರೂ ಗುಂಪಿಗೆ ಪಾಲು ತೆತ್ತು ತೆತ್ತು ಬೇಸತ್ತವರೇ. ಹುಲಿಗೆಪ್ಪನನ್ನು ಹಿಡಿದಾಗ ಎಲ್ಲರೂ ನಿಟ್ಟುಸಿರು ಬಿಟ್ಟಿದ್ದರು.

ಕೊನೆಗೆ ಬಂದವನನ್ನು ನೋಡಿ ಕೊತ್ವಾಲ ಒರಗಿದ್ದವನು ನೆಟ್ಟಗಾದ. ಆ ಗಾಣದವನು.

"ಹಿಂದಿನ ಓಣಿಯಲ್ಲಿ ಒಬ್ಬ ಹೊಸ ಗಾಣ ಹಾಕಿದ್ದಾನೆ," ಎಂದ ಗಾಣದವನು ತಗ್ಗಿದ ದನಿಯಲ್ಲಿ. "ನನ್ನದು ಈಗಷ್ಟೇ ಚೇತರಿಸಿಕೊಳ್ಳುತ್ತಿದೆ. ಅವನದು ನಿಲ್ಲಬೇಕು."

ಕೊತ್ವಾಲ ತಡೆಯಲಾರದೆ ಕಂಬಳಿ ಸರಿಸಿ ಎದ್ದ. ಗಾಣದವನು ನಿಂತಲ್ಲೇ ಬಿಳಿಚಿಕೊಂಡ.

"ನಿನಗೆ ಅವನಿಂದ ಅನ್ಯಾಯವಾಗಿದ್ದರೆ ನನ್ನ ಬಳಿ ಬರಬಹುದಿತ್ತಲ್ಲ. ನನ್ನ ಬಾಗಿಲು ನಿನಗೆ ಗೊತ್ತಿರಲಿಲ್ಲವೇ?"

ಗಾಣದವನು ತಲೆ ತಗ್ಗಿಸಿದ.

"ನಿಮ್ಮ ಹತ್ತಿರ ಬಂದರೆ ನೀವು ಅವನ ಮಾತನ್ನೂ ಕೇಳುತ್ತೀರಿ, ಬುದ್ಧೀ."

ಕೊತ್ವಾಲನಿಗೆ ಬೇಕಿದ್ದ ಉತ್ತರ ಸಿಕ್ಕಿತ್ತು. ಆದರೆ ಅಂದೂ ಅವನಿಗೆ ಊಟ ಸೇರಲಿಲ್ಲ.

ಮರುದಿನ ಪೇಟೆಯಲ್ಲಿ ಡಂಗುರ ಸಾರಿಸಿದ. ಹೊಡೆದವನಿಗೆ ಯಾವ ಶಿಕ್ಷೆಯೋ ಹೊಡೆಯಲು ಹೇಳಿದವನಿಗೂ ಅದೇ ಶಿಕ್ಷೆ. ಡಂಗುರದ ಸದ್ದು ಅಡಗುವ ಮೊದಲೇ ಜವಳಿ ವ್ಯಾಪಾರಿ, ಬಾಡಿಗೆ ಮನೆಯ ಹೆಂಗಸು, ಧರ್ಮದರ್ಶಿ, ಗಾಣದವನು ಎಲ್ಲರನ್ನೂ ಚಾವಡಿಗೆ ಕರೆಸಿ ಕೂಡಿಹಾಕಿದ. ಕೆಲಸ ಹೇಳುವವರಿಲ್ಲದೆ ಪುಂಡರು ದಿಕ್ಕು ತೋಚದೆ ಕಟ್ಟೆಗಳ ಮೇಲೆ ಆಕಳಿಸುತ್ತ ಕುಳಿತರು. ಪಾಲು ಕೇಳಲು ಹೋದವನನ್ನು ಒಬ್ಬ ಅಂಗಡಿಯವನು ಮೊಳಗೋಲು ಹಿಡಿದು ಅಟ್ಟಿಸಿಕೊಂಡು ಹೋದನಂತೆ. ಕೊತ್ವಾಲ ಅಧಿಕಾರ ವಹಿಸಿಕೊಂಡ ಮೇಲೆ ಯಾರಿಗೂ ಏಟು ಬೀಳದೆ ಕಳೆದದ್ದು ಆ ಕೆಲವು ದಿನಗಳು ಮಾತ್ರ.

ಆದರೆ ಪೇಟೆ ಉರಿದೆದ್ದಿತು. ಹುಲಿಗೆಪ್ಪನ ಕಾಲದಲ್ಲಿ ಒಂದು ದಿನವೂ ಮುಚ್ಚದ ಅಂಗಡಿಗಳು ಬಾಗಿಲು ಹಾಕಿದವು. ಮರ್ಯಾದಸ್ಥರಿಗೆ ಈ ಊರಿನಲ್ಲಿ ಉಳಿಗಾಲವಿಲ್ಲವೆಂದು ದೊಡ್ಡವರೆಲ್ಲ ಸೇರಿ ಅರಮನೆಗೆ ಹೋದರು. ಅರಮನೆಯ ಉಗ್ರಾಣ ತುಂಬುತ್ತಿದ್ದದ್ದು ಅವರ ತೆರಿಗೆಯಿಂದಲೇ. ದೊರೆ ಕೊತ್ವಾಲನನ್ನು ಕರೆಸಿದ.

"ಕಳ್ಳರನ್ನು ಹಿಡಿ ಎಂದು ಕಳಿಸಿದರೆ ಊರನ್ನೇ ಹಿಡಿದು ಕೂರಿಸಿದ್ದೀಯಂತೆ?"

"ಹೆಜ್ಜೆ ಹಿಡಿದು ಹೋದೆ ಪ್ರಭು. ಹೆಜ್ಜೆ ಅಲ್ಲಿಗೇ ಹೋಯಿತು."

ದೊರೆ ಕೆಟ್ಟವನಲ್ಲ. ಅವನು ಬಯ್ಯಲಿಲ್ಲ. ಗಡಿಯ ಕೋಟೆಯೊಂದಕ್ಕೆ ಕಾವಲುಗಾರ ಬೇಕಾಗಿದ್ದಾನೆ ಎಂದಷ್ಟೇ ಹೇಳಿದ.

ಚಾವಡಿಯಲ್ಲಿ ಕೂಡಿಹಾಕಿದ್ದವರೆಲ್ಲ ಬಿಡುಗಡೆಯಾದರು. ಜವಳಿ ವ್ಯಾಪಾರಿ ಕೊತ್ವಾಲನ ಮುಖ ನೋಡದೆ ಹೋದ. ಹೆಂಗಸು ಶಾಪ ಹಾಕಿ ಹೋದಳು. ಗಾಣದವನು ಮಾತ್ರ ಬಾಗಿಲಲ್ಲಿ ನಿಂತು, ಕೊತ್ವಾಲನ ಕಾಲುಮುಟ್ಟಿ ನಮಸ್ಕರಿಸಿ ಹೊರಟ. ಅವನು ಅಲ್ಲಿಂದ ನೇರವಾಗಿ ಹೊಸ ಗಾಣದವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿಕೊಂಡನೆಂದು ಆಮೇಲೆ ತಿಳಿಯಿತು. ಆ ಮನೆಯವರು ಅವನನ್ನು ಒಳಗೆ ಕರೆದರೋ ಬಾಗಿಲಿಂದಲೇ ಅಟ್ಟಿದರೋ ಯಾರಿಗೂ ತಿಳಿಯದು.

ಕೊತ್ವಾಲ ಗಂಟುಮೂಟೆ ಕಟ್ಟಿ ಗಾಡಿ ಹತ್ತುವಾಗ ಅಡಿವೆಪ್ಪ ಏದುಸಿರು ಬಿಡುತ್ತ ಓಡಿಬಂದು ಗಾಡಿಯ ಅಂಚು ಹಿಡಿದುಕೊಂಡ.

"ನನ್ನನ್ನೂ ಕರೆದುಕೊಂಡು ಹೋಗಿ ಬುದ್ಧೀ. ಅಲ್ಲಿ ಗಂಜಿ ಕುಡಿದು ಬಿದ್ದಿರುತ್ತೇನೆ. ಇಲ್ಲಿದ್ದರೆ ನಾಳೆ ಮತ್ತೆ ಬರುತ್ತಾರೆ."

"ಬಂದರೆ ಇಲ್ಲವೆನ್ನು."

"ಇಲ್ಲವೆನ್ನಲು ಬರುವುದಿದ್ದರೆ ನಾನು ಬಟ್ಟೆ ಅಳೆಯುತ್ತಲೇ ಇರುತ್ತಿದ್ದೆ."

ಕೊತ್ವಾಲ ಅವನ ಮುಖ ನೋಡಿದ. ಗಾಡಿಯಲ್ಲಿ ಸರಿದು ಜಾಗ ಮಾಡಿದ. ಗಾಡಿ ಊರು ದಾಟಿತು. ಅಡಿವೆಪ್ಪನ ಮನೆಗೆ ಬೀಗ ಬಿತ್ತು.

ಗುರುಗಳು ಕತೆ ನಿಲ್ಲಿಸಿದರು. ಬಸವಂತ ಕಾದ. ಅವರು ಮುಂದುವರಿಸುವಂತೆ ಕಾಣಲಿಲ್ಲ. ಅವನು ಕುತೂಹಲ ತಡೆಯಲಾರದೆ ಇನ್ನಷ್ಟು ಹತ್ತಿರ ಸರಿದು ಕೇಳಿದ:

"ಹಾಗಾದರೆ ಅಜ್ಜಯ್ಯ, ಅಡಿವೆಪ್ಪ ಹೋದ ಮೇಲೆ ನಾಯಕನಾದವನು ಯಾರು?"

"ಮರುದಿನ ಸಂಜೆ ಆ ಜಗುಲಿಗೆ ಬಂದವರೂ ಇದನ್ನೇ ಕೇಳಿದರು, ಮಗು," ಎಂದರು ಗುರುಗಳು.