ತೊಳೀಬ್ಯಾಡ ಕಟ್ಟೆ

ನಮ್ಮೂರ ಅಗಸಿ ಬಾಗಿಲ ಪಕ್ಕ, ಬೇವಿನ ಮರದ ಕೆಳಗೆ ಒಂದು ಕಟ್ಟೆ ಇದೆ. ಅದರ ಹೆಸರು ತೊಳೀಬ್ಯಾಡ ಕಟ್ಟೆ. ಹೆಸರೇ ಬಾಯಿಬಿಟ್ಟು ಹೇಳುತ್ತಿದ್ದರೂ ಬೆಳಗಾದರೆ ಕೊಡ ಹೊತ್ತವರ ಸಾಲು ಅಲ್ಲಿಗೇ. ಕೂಸಿನ ಬಟ್ಟೆ ಒಗೆಯಲು ನೀರಿಲ್ಲದ ಊರಿನಲ್ಲಿ ಕಟ್ಟೆಗೆ ಮಾತ್ರ ನೀರಿನ ಬರವಿಲ್ಲ.

ಹಿಂದೆ ಒಮ್ಮೆ, ಮಟಮಟ ಮಧ್ಯಾಹ್ನ, ಆಕಾಶ ಗುಡುಗಿ ಕರಿಯ ಕಲ್ಲೊಂದು ಈ ಬೇವಿನ ಬುಡಕ್ಕೆ ಬಿತ್ತು ಎನ್ನುತ್ತಾರೆ. ಅದರ ಚೂರೊಂದು ಸಿಡಿದು ಎದುರು ಮನೆಯ ಬೆಳಕಿಂಡಿಯಿಂದ ಬಾಣಂತಿ ಸಂಕವ್ವನ ಕೋಣೆಯೊಳಗೆ ಉರುಳಿತು. ಅವಳು ಆ ವಾರವಷ್ಟೇ ಹೆಣ್ಣು ಹೆತ್ತಿದ್ದಳು. ದೊಡ್ಡ ಕಲ್ಲನ್ನು ಊರವರು ಕಟ್ಟೆಗೇರಿಸಿ ಹಾಲು, ನೀರು, ಎಣ್ಣೆ ಸುರಿದರು. ಮೈಲಿಗೆಯ ಕೋಣೆಯ ಚೂರನ್ನು ಯಾರೂ ಮುಟ್ಟಲಿಲ್ಲ. ಕೆಲವೇ ದಿನಗಳಲ್ಲಿ ಕಟ್ಟೆಯ ಕಲ್ಲಿನಿಂದ ಕೆಂಪು ಇಳಿಯತೊಡಗಿತು. ಸಂಕವ್ವನ ಮಾವ ಗದಿಗೆಪ್ಪ ತೀರ್ಪು ಕೊಟ್ಟೇಬಿಟ್ಟ: "ಕೂಸಿನ ಕಾಲ್ಗುಣ! ದೇವರು ರಕ್ತ ಕಾರಾಕತ್ತಾನ. ತಾಯಿ ಮಗಳು ಇಬ್ರೂ ತವರಿಗೆ ನಡೀರಿ, ತಿರುಗಿ ಬರಬ್ಯಾಡ್ರಿ."

ಅಷ್ಟರಲ್ಲಿ ಕಲ್ಲು ಪರೀಕ್ಷಿಸುವ ಸಾಹೇಬರೊಬ್ಬರು ಬಂದರು. ಒಳಗಿನ ಖನಿಜ ಯಾವುದು, ಕಬ್ಬಿಣ ಎಷ್ಟು ಎಂದು ನೋಡಿ, ಆಕಾಶದಿಂದ ಬಿದ್ದ ಕಲ್ಲು ಯಾವ ಬಳಗದ್ದೆಂದು ಹೇಳುವುದು ಅವರ ಕೆಲಸ. ಎಣ್ಣೆ ಕುಡಿದ ಕಲ್ಲನ್ನು ಕಂಡು ತಲೆ ಚಚ್ಚಿಕೊಂಡರು. ಅವರು ನೋಡುತ್ತಿದ್ದಂತೆಯೇ ಮತ್ತೊಂದು ಕೊಡ ಬಂತು. ಆಗ ಕೋಣೆಯ ಕಿಟಕಿಯಿಂದ ಸಂಕವ್ವ ಊರು ನಡುಗುವಂತೆ ಕೂಗಿದಳು: "ತೊಳೀಬ್ಯಾಡ್ರೋ! ಸಾಹೇಬ್ರ, ಈ ಚೂರು ತಗೋರಿ. ನನ್ನ ಕೂಸಿನ ಮಗ್ಗಲದಾಗ ಬಿದ್ದೈತಿ. ಕಾಲ್ಗುಣ ಅಂದ್ರ ಇದು ಮೊದಲು ರಕ್ತ ಕಾರಬೇಕಿತ್ತಲ್ಲ?"

ಸಾಹೇಬರು ಚೂರನ್ನು ಒಡೆದರು. ಒಳಗೆಲ್ಲ ಬೂದು ಬಣ್ಣ, ಸಾಸಿವೆಯಂಥ ಗುಂಡು ಕಾಳು, ನಡುನಡುವೆ ಹೊಳೆಯುವ ಕಬ್ಬಿಣದ ಚುಕ್ಕಿ. ದೊಡ್ಡ ಕಲ್ಲನ್ನು ಕೊರೆದರೆ ಒಳಗೆ ಅದೇ ಕಾಳು, ಅದೇ ಚುಕ್ಕಿ. ಅರ್ಧ ಚೂರನ್ನು ನೀರಿನಲ್ಲಿಟ್ಟರು, ಅರ್ಧವನ್ನು ಒಣ ಜಾಗದಲ್ಲಿಟ್ಟರು. ಕೆಲವು ದಿನಗಳಲ್ಲಿ ನೀರಿನದು ಕೆಂಪಾಯಿತು, ಒಣ ಜಾಗದ್ದು ಹಾಗೇ ಉಳಿಯಿತು. "ಎರಡೂ ಒಂದೇ ಕಲ್ಲು. ಕಬ್ಬಿಣ ಹೆಚ್ಚಿರೋ ಬಳಗದ್ದು," ಎಂದರು ಸಾಹೇಬರು. "ಇದು ರಕ್ತ ಅಲ್ಲ, ತುಕ್ಕು. ಹಿಡಿಸಿದವರು ನೀವು." ತಾಯಿ ಮಗಳು ಊರಲ್ಲೇ ಉಳಿದರು, ಕೂಸಿಗೆ ಆ ಕಟ್ಟೆಯ ಮುಂದೆಯೇ ಹೆಸರಿಟ್ಟರು. ಗದಿಗೆಪ್ಪ ಮಾತ್ರ ಗಂಟಲು ಸರಿಮಾಡಿಕೊಂಡು, "ಹಂಗಾದ್ರ ಹಾಲು, ಎಣ್ಣಿ ಬಿಡೂಣು. ಬರೇ ನೀರು ಹಾಕೂಣು," ಎಂದನಂತೆ!

ಇಂದು ಬಂದವರಿಗೆ ಅಲ್ಲಿ ಕಲ್ಲು ಕಾಣುವುದಿಲ್ಲ. ತೊಳೆದೂ ತೊಳೆದೂ ಉದುರಿಹೋಗಿದೆ. ಉಳಿದಿರುವುದು ಅದು ಕೂತಿದ್ದಲ್ಲಿನ ಒಂದು ಕೆಂಪು ಗುಣಿ. ನಮ್ಮವರು ಈಗ ಆ ಗುಣಿಯನ್ನೇ ತೊಳೆಯುತ್ತಾರೆ. ಊರಿನಲ್ಲಿ ಹೆಣ್ಣು ಹುಟ್ಟಿದ ದಿನ ಮಾತ್ರ ಬಾಣಂತಿಯ ಕಡೆಯ ಹೆಂಗಸೊಬ್ಬಳು ಬಂದು, ಕೊಡ ತಂದವರನ್ನೆಲ್ಲ ಹಿಂದಕ್ಕೆ ಕಳಿಸಿ, ಒಣಬಟ್ಟೆಯಿಂದ ಗುಣಿಯನ್ನು ಒರೆಸುತ್ತಾಳೆ. ಅವತ್ತೊಂದು ದಿನ ಕಟ್ಟೆ ಒಣಗಿರುತ್ತದೆ.